ಬಾಣಂತನದ ಊರಿಗೆ ಬೇಸಿಗೆ ರಜೆ

ಮಗಳ ಪಾಸ್‌ಪೋರ್ಟಿನಲ್ಲಿ ಜನ್ಮಸ್ಥಳ ಮ್ಯೂನಿಕ್ ಅಂತಿದೆ. ಆದರೂ ಆ ಊರಿಗೆ ಹೋಗೋಕೆ ಅವಳಿಗೂ ವೀಸಾ ಬೇಕು. ಜರ್ಮನಿಯಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ಸಿಗೋದಿಲ್ಲ. ಅವಳು ಹುಟ್ಟಿದಾಗ ಇದ್ದ ಕಾನೂನಿನ ಪ್ರಕಾರ ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಎಂಟು ವರ್ಷ ಅಲ್ಲಿ ಇದ್ದು, ಕಾಯಂ ವಾಸದ ಹಕ್ಕನ್ನೂ ಪಡೆದಿರಬೇಕಿತ್ತು. 2024ರಲ್ಲಿ ಆ ಎಂಟನ್ನು ಐದಕ್ಕೆ ಇಳಿಸಿದರು, ನಮಗೆ ಅದರಿಂದ ಆಗಬೇಕಾದ್ದೇನೂ ಇರಲಿಲ್ಲ. ಅಷ್ಟು ಹೊತ್ತಿಗೆ ನಾವು ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಬಂದು ವರ್ಷಗಳಾಗಿದ್ದವು. ಹಾಗಾಗಿ ಬಾಡಿಗೆ, ತೆರಿಗೆ ಎಲ್ಲ ಕಟ್ಟಿ ಬದುಕಿದ್ದ ಊರಿಗೆ ಪ್ರವಾಸಿಗಳು ಅಂತ ಅರ್ಜಿ ತುಂಬಿಸಿದೆವು: ಬ್ಯಾಂಕ್ ಸ್ಟೇಟ್‌ಮೆಂಟು, 30,000 ಯೂರೊ ಮೊತ್ತದ ಪ್ರಯಾಣ ವಿಮೆ, ದೊಡ್ಡವರಿಗೆ ತಲೆಗೆ 90 ಯೂರೊ ಶುಲ್ಕ. ಮಗಳಿಗೆ ಅರ್ಧ, 45.

ಅಮ್ಮನೂ ಬರಲೇಬೇಕು ಅಂತ ಹಟ ಹಿಡಿದದ್ದು ನಾನು. ಅವಳು ಒಮ್ಮೆ ಅಲ್ಲಿಗೆ ಬಂದಿದ್ದಳು, ನನ್ನ ಬಾಣಂತನಕ್ಕೆ, ಕಡು ಚಳಿಯಲ್ಲಿ. ಅವಳು ಕಂಡ ಮ್ಯೂನಿಕ್ ಅಂದರೆ ಆಸ್ಪತ್ರೆಯ ಕಾರಿಡಾರು, ಮೂರನೇ ಮಹಡಿಯ ಅಡುಗೆಮನೆ ಕಿಟಕಿ, ಕಿಟಕಿಯಾಚೆ ಒಂದು ಬೋಳು ಮರ. ವಾಪಸ್ ಬಂದು ಹನುಮಂತನಗರದ ಅಕ್ಕಪಕ್ಕದವರಿಗೆಲ್ಲ "ಊರಲ್ಲ ಕಣ್ರೀ, ಫ್ರಿಜ್ಜು" ಅಂದುಬಿಟ್ಟಿದ್ದಳು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತಿತ್ತು. ಮೇ ತಿಂಗಳ ಎರಡನೇ ವಾರಕ್ಕೆ ಟಿಕೆಟ್ ಮಾಡಿಸಿದೆವು.

ಶನಿವಾರ

ಮಧ್ಯರಾತ್ರಿ ದಾಟಿ ಹೊರಟ ನೇರ ವಿಮಾನ ಬೆಳಿಗ್ಗೆ ಇಳಿಸಿತು. ಏರ್‌ಪೋರ್ಟಿಂದ ಎಸ್8 ರೈಲು. ಐದು ಜನರ ತನಕ ಒಂದೇ ದಿನದ ಟಿಕೆಟ್ ತಗೊಳ್ಳಬಹುದು, ಮಕ್ಕಳದ್ದು ಅರ್ಧ ಲೆಕ್ಕ. ಟಿಕೆಟ್ ತಗೊಂಡು ಪೆಟ್ಟಿಗೆಗೆ ತೂರಿಸಿ ಮುದ್ರೆ ಹೊಡೆಸಿದರೆ ಮುಗೀತು, ಗೇಟೂ ಇಲ್ಲ, ಬ್ಯಾಗ್ ತಪಾಸಣೆಯೂ ಇಲ್ಲ. ಅಮ್ಮ ಪ್ಲಾಟ್‌ಫಾರಂ ತನಕ ಬಂದಮೇಲೂ ಗೇಟು ಹುಡುಕುತ್ತಿದ್ದಳು. "ಯಾರೂ ನೋಡೋರೇ ಇಲ್ವಲ್ಲೇ" ಅಂದಳು. ನೋಡುತ್ತಾರೆ, ಆದರೆ ಯೂನಿಫಾರಂ ಇಲ್ಲದೆ, ಮಫ್ತಿಯಲ್ಲಿ. ಸಿಕ್ಕಿಬಿದ್ದರೆ ದಂಡ 60 ಯೂರೊ.

ಕಿಟಕಿ ಪಕ್ಕ ಕೂತ ಅಮ್ಮ ಮುಕ್ಕಾಲು ದಾರಿ ಮಾತೇ ಆಡಲಿಲ್ಲ. ಹೊರಗೆ ಹಳದಿ ಸಾಸಿವೆ ಜಾತಿಯ ಹೊಲಗಳು, ಅದರಾಚೆ ಹಸಿರು, ಮತ್ತೆ ಹಳದಿ. ಕೊನೆಗೆ ತಿರುಗಿ, "ಇದ್ಯಾವ ಊರೇ? ನಾನು ಬಂದಿದ್ದು ಇಲ್ಲಿಗಲ್ಲ" ಅಂದಳು.

ಮರಿಯನ್‌ಪ್ಲಾಟ್ಸ್‌ನಲ್ಲಿ ಇಳಿದು ಯು6 ಹಿಡಿದೆವು. ಇದು ನಮ್ಮ ಹಳೇ ಲೈನು. ಮ್ಯೂನಿಕ್ಕಿನ ಸುರಂಗ ರೈಲು ಮೊದಲು ಓಡಿದ್ದು 1971ರ ಅಕ್ಟೋಬರ್ 19ಕ್ಕೆ, ಮರುವರ್ಷದ ಒಲಿಂಪಿಕ್ಸ್‌ಗೆ ಅಂತ. ನಮ್ಮ ಮೆಟ್ರೊ ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡಿಗೆ ಮೊದಲು ಓಡಿದ್ದು 2011ರ ಅಕ್ಟೋಬರ್ 20ಕ್ಕೆ. ಸರಿಯಾಗಿ ನಲವತ್ತು ವರ್ಷ, ಒಂದು ದಿನದ ಅಂತರ. ಇವರಿಗೆ ಇಂಥ ಲೆಕ್ಕಗಳೆಂದರೆ ಪ್ರಾಣ, ಪ್ರತಿ ಸಲ ಆ ರೈಲು ಹತ್ತಿದಾಗಲೂ ಹೇಳಿದರು.

ಅಡುಗೆಮನೆ ಇರುವ ಬಾಡಿಗೆ ಫ್ಲ್ಯಾಟನ್ನೇ ಹುಡುಕಿದ್ದೆವು. ಸಾಮಾನಿಟ್ಟು ಸುಧಾರಿಸಿಕೊಂಡು ಸಂಜೆ ಅಂಗಡಿಗೆ ಓಡಿದೆವು. ಬವೇರಿಯಾದಲ್ಲಿ ರಾತ್ರಿ ಎಂಟಕ್ಕೆ ಅಂಗಡಿ ಬಾಗಿಲು, ಭಾನುವಾರ ಪೂರ್ತಿ ಬಂದ್. ಶನಿವಾರ ಸಂಜೆ ಹಾಲು ತರದಿದ್ದರೆ ಸೋಮವಾರದ ತನಕ ಕರೀ ಕಾಫಿಯೇ ಗತಿ, ಇಲ್ಲವೇ ರೈಲ್ವೆ ಸ್ಟೇಷನ್ನಿನ ಅಂಗಡಿಗೆ ಹೋಗಬೇಕು. ಅಷ್ಟು ವರ್ಷ ಬೆಂಗಳೂರಲ್ಲಿದ್ದು ಹತ್ತು ನಿಮಿಷಕ್ಕೆ ಮನೆಬಾಗಿಲಿಗೆ ಕೊತ್ತಂಬರಿ ಸೊಪ್ಪು ತರಿಸಿಕೊಂಡ ಮೇಲೂ ಶನಿವಾರ ಸಂಜೆಯ ಆ ಧಾವಂತ ಮೈಯಲ್ಲಿ ಹಾಗೇ ಉಳಿದಿತ್ತು. ಏಳೂ ಮುಕ್ಕಾಲಿಗೆ ನಾನು ಗಾಡಿ ತಳ್ಳಿಕೊಂಡು ಓಡುತ್ತಿದ್ದ ರೀತಿ ನೋಡಿ ಮಗಳು ನಕ್ಕಳು.

ಅವಳಿಗೆ ಜರ್ಮನ್ ಹೆಚ್ಚುಕಡಿಮೆ ಮರೆತೇಹೋಗಿದೆ. ಕಿಂಡರ್‌ಗಾರ್ಟನ್ನಿನ ಟೀಚರ್ ಮುಖ ನೆನಪಿಲ್ಲ, ಗೆಳತಿಯರ ಹೆಸರೂ ಇಲ್ಲ. ಆದರೆ ಅಂಗಡಿಯ ಮೂಲೆಯಲ್ಲಿದ್ದ ಬಾಟಲಿ ಯಂತ್ರ ನೋಡಿದ್ದೇ ತಡ, "ಇದು ನನ್ನ ಕೆಲಸ!" ಅಂತ ಅತ್ತ ಓಡಿದಳು. ನೀರಿನ ಪ್ಲಾಸ್ಟಿಕ್ ಬಾಟಲಿ ಕೊಂಡಾಗ 25 ಸೆಂಟ್ ಠೇವಣಿ ಸೇರಿಸಿಕೊಂಡಿರುತ್ತಾರೆ. ಖಾಲಿ ಬಾಟಲಿಯನ್ನು ಯಂತ್ರದ ಬಾಯಿಗಿಟ್ಟರೆ ಒಳಗೆಳೆದುಕೊಂಡು ಚೀಟಿ ಕೊಡುತ್ತದೆ. ಗಾಜಿನ ಬಿಯರ್ ಬಾಟಲಿಗೆ 8 ಸೆಂಟ್ ಮಾತ್ರ. ಅವತ್ತಿನಿಂದ ವಾರ ಪೂರ್ತಿ ನಮ್ಮ ಮನೆಯ ನೀರಿನ ಲೆಕ್ಕ ಅವಳ ಕೈಯಲ್ಲಿ. ನಲ್ಲಿ ನೀರೇ ಸೊಗಸಾಗಿದೆ ಕಣೆ, ಬಾಟಲಿ ಯಾಕೆ ಅಂದರೆ ಕೇಳುವವಳಲ್ಲ.

ಭಾನುವಾರ

ಹಳೇ ಮನೆ ಪಾರ್ಟ್‌ನಾಖ್‌ಪ್ಲಾಟ್ಸ್ ಸ್ಟೇಷನ್ನಿನಿಂದ ಐದು ನಿಮಿಷದ ನಡಿಗೆ. ನೆಲಮಹಡಿಯ ಅಜ್ಜಿಗೆ ಮೊದಲೇ ಕಾಗದ ಬರೆದಿದ್ದೆ. ಫೋನ್ ಮಾಡಿ ಬರುವುದಕ್ಕಿಂತ ಅವರಿಗೆ ಕಾಗದವೇ ಮರ್ಯಾದೆ. ಮೂರು ಗಂಟೆಗೆ ಕಾಫಿಗೆ ಬನ್ನಿ ಅಂತ ಉತ್ತರ ಬಂದಿತ್ತು. ಅಲ್ಲಿ ಮೂರು ಗಂಟೆ ಅಂದರೆ ಮೂರೇ. ನಾವು ಹತ್ತು ನಿಮಿಷ ಮುಂಚೆ ತಲುಪಿದ್ದರಿಂದ ಹಿತ್ತಲಿನ ಅಂಗಳದಲ್ಲಿ ಸುತ್ತಾಡಿಕೊಂಡಿದ್ದೆವು.

ಅಮ್ಮ ತಲೆಯೆತ್ತಿ ಮೂರನೇ ಮಹಡಿಯ ಕಿಟಕಿ ಹುಡುಕಿದಳು. ಸಿಕ್ಕಿತು. ಅಲ್ಲಿಂದ ಕಣ್ಣು ಕೆಳಗಿಳಿಸಿ ಮರ ನೋಡಿದಳು. ಕುದುರೆ ಚೆಸ್ಟ್‌ನಟ್ ಮರ. ಅಂಗೈಯಗಲದ ಎಲೆಗಳು, ಪ್ರತಿ ಗೆಲ್ಲಿನ ತುದಿಗೂ ನೆಟ್ಟಗೆ ನಿಂತ ಬಿಳಿ ಹೂಗೊಂಚಲು, ಹತ್ತಿರ ಹೋಗಿ ನೋಡಿದರೆ ಒಂದೊಂದು ಹೂವಿನ ನಡುವೆಯೂ ಹಳದಿ ಇಲ್ಲವೇ ಗುಲಾಬಿ ಚುಕ್ಕೆ. ದುಂಬಿಗಳು ಹಳದಿ ಚುಕ್ಕೆಯ ಹೂವಿಗೆ ಮಾತ್ರ ಹೋಗುತ್ತವೆ. ಗುಲಾಬಿಗೆ ತಿರುಗಿತೆಂದರೆ ಅದರಲ್ಲಿ ಮಕರಂದ ಮುಗಿಯಿತು ಅಂತ. ಬಾಣಂತನದ ದಿನಗಳಲ್ಲಿ ಇದೇ ಮರವನ್ನು ದಿನಾ ನೋಡಿ ಅಮ್ಮ "ಸತ್ತಿರೋ ಮರ, ಮಗು ಇರೋ ಮನೆ ಮುಂದೆ ಒಳ್ಳೇದಲ್ಲ, ಯಾರಿಗಾದ್ರೂ ಹೇಳಿ ಕಡಿಸಬಾರದೇನ್ರೀ" ಅಂತ ಇವರ ಹತ್ತಿರ ಹೇಳುತ್ತಿದ್ದಳು. ಇವರು ಈಗ ಅದನ್ನು ನೆನಪಿಸಿದರು. ಅಮ್ಮ, "ನಾನೆಲ್ಲಿ ಹಾಗಂದೆ?" ಅಂತ ಖಡಾಖಂಡಿತ ತಳ್ಳಿಹಾಕಿದಳು.

ಅಜ್ಜಿಯ ಮನೆಯ ಕಿಟಕಿಕಟ್ಟೆ ತುಂಬ ಟೊಮೇಟೊ ಸಸಿಗಳ ಕುಂಡಗಳು. ಹೊರಗೆ ಬಿಸಿಲಿದೆ, ಬಾಲ್ಕನಿಗೆ ಇಡಬಾರದೇ ಅಂತ ಅಮ್ಮ ಕೇಳಿದಳು, ನಾನು ಜರ್ಮನ್‌ನಲ್ಲಿ ಕೇಳಿದೆ. ಮೇ ತಿಂಗಳ ನಡುವೆ ಅಲ್ಲಿ 'ಹಿಮದ ಸಂತರು' ಬರುತ್ತಾರೆ. 11ರಿಂದ 15ರ ತನಕ ಒಂದೊಂದು ದಿನಕ್ಕೂ ಒಬ್ಬ ಸಂತರ ಹೆಸರು, ಕೊನೆಯವಳು 'ಚಳಿ ಸೋಫಿ'. ಆ ದಿನಗಳಲ್ಲಿ ಹೇಳದೆ ಕೇಳದೆ ರಾತ್ರಿ ಇಬ್ಬನಿ ಹೆಪ್ಪುಗಟ್ಟಬಹುದು. ಸೋಫಿ ದಾಟುವ ತನಕ ತೋಟದವರು ಯಾರೂ ಟೊಮೇಟೊ ಹೊರಗೆ ನೆಡೋದಿಲ್ಲ. ಇದು ಅಮ್ಮನಿಗೆ ಪೂರ್ತಿ ಅರ್ಥವಾಯಿತು. "ನಮ್ಮಲ್ಲಿ ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತೆ, ಇವರಿಗೆ ಸೋಫಿ ಬರಬೇಕು ಅಷ್ಟೆ" ಅಂದಳು. ಇದನ್ನು ಜರ್ಮನ್‌ಗೆ ತರುವ ಧೈರ್ಯ ನಾನು ಮಾಡಲಿಲ್ಲ. ಅಜ್ಜಿ ಬಾಡಿಗೆ ಏರಿದ್ದರ ಬಗ್ಗೆ, ಮೇಲಿನ ಮನೆಯವರು ಭಾನುವಾರವೂ ಗೋಡೆಗೆ ಡ್ರಿಲ್ ಮಾಡುವುದರ ಬಗ್ಗೆ ಹೇಳಿಕೊಂಡರು. ಭಾನುವಾರ ಸದ್ದು ಮಾಡುವಂತಿಲ್ಲ, ಗಾಜಿನ ಬಾಟಲಿಯನ್ನು ಬೀದಿಯ ತೊಟ್ಟಿಗೆ ಹಾಕುವಂತೆಯೂ ಇಲ್ಲ. ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಲ್ಲಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ಟೈಲ್ಸ್ ಕೊಯ್ಯುವ ಸದ್ದು ಕೇಳಿದಾಗೆಲ್ಲ ನನಗೆ ಈ ಅಜ್ಜಿ ನೆನಪಾಗುತ್ತಾರೆ.

ಸಂಜೆ ವೆಸ್ಟ್‌ಪಾರ್ಕ್. ಸುಮಾರು 69 ಹೆಕ್ಟೇರಿನ ಈ ಪಾರ್ಕು 1983ರ ಅಂತರರಾಷ್ಟ್ರೀಯ ತೋಟಗಾರಿಕೆ ಪ್ರದರ್ಶನಕ್ಕೆ ಅಂತ ಆದದ್ದು, ಯು6 ಲೈನನ್ನು ಹಾರಾಸ್‌ನಿಂದ ಈಚೆಗೆ ಎಳೆದದ್ದೂ ಅದೇ ವರ್ಷ. ಪ್ರವಾಸಿಗಳು ಯಾರೂ ಇತ್ತ ಸುಳಿಯೋದಿಲ್ಲ, ನನ್ನ ಮಟ್ಟಿಗೆ ಊರಿನ ಅತ್ಯುತ್ತಮ ಜಾಗ ಇದೇ. ಪ್ರದರ್ಶನಕ್ಕೆ ನೇಪಾಳ ಕೊಟ್ಟ ಕೆತ್ತನೆ ಮರದ ಪಗೋಡ, ನೀರಿನ ನಡುವೆ ಥಾಯ್ ಮಂಟಪದಲ್ಲಿ ನಿಂತ ಬುದ್ಧ, ಚೀನೀ ತೋಟ, ಜಪಾನೀ ತೋಟ ಎಲ್ಲ ಹಾಗೇ ಇವೆ. ಚಳಿಗಾಲದಲ್ಲಿ ನಾನು ಮಗುವನ್ನು ತಳ್ಳುಗಾಡಿಯಲ್ಲಿ ಇಲ್ಲಿಗೇ ಕರೆತರುತ್ತಿದ್ದದ್ದು, ಅಮ್ಮ ಮನೆಯಲ್ಲಿ ಕೂತು ನನ್ನನ್ನು ಬೈಯುತ್ತಿದ್ದದ್ದು. ಪಗೋಡ ಕಂಡವಳೇ ಅಮ್ಮ ಚಪ್ಪಲಿ ಬಿಟ್ಟು ಮೂರು ಸುತ್ತು ಪ್ರದಕ್ಷಿಣೆ ಹಾಕಿದಳು. "ಇದಿದೆ ಅಂತ ಆಗಲೇ ಹೇಳಿದ್ರೆ ನಾನೂ ಬರ್ತಿದ್ದೆ."

ಸೋಮವಾರ

ಪ್ರವಾಸಿಗಳ ದಿನ. ಹನ್ನೊಂದಕ್ಕೆ ಮರಿಯನ್‌ಪ್ಲಾಟ್ಸ್‌ನಲ್ಲಿ ಪುರಭವನದ ಗೋಪುರದ ಗೊಂಬೆಗಳು ಕುಣಿಯುತ್ತವೆ. ಮೇಲಿನ ಸಾಲಿನಲ್ಲಿ 1568ರ ರಾಜಮನೆತನದ ಮದುವೆ, ಅದರ ಸಲುವಾಗಿ ಕುದುರೆ ಸವಾರರ ಕಾಳಗ. ಕೆಳಸಾಲಿನಲ್ಲಿ ಪ್ಲೇಗ್ ಮುಗಿದಮೇಲೆ ಜನರ ಭಯ ಬಿಡಿಸಲು ಪೀಪಾಯಿ ಮಾಡುವವರು ಬೀದಿಯಲ್ಲಿ ಕುಣಿದರಂತೆ, ಆ ಕುಣಿತ. ಕಾಳಗದಲ್ಲಿ ಪ್ರತಿ ಸಲ ಬವೇರಿಯಾದವನೇ ಗೆಲ್ಲುತ್ತಾನೆ. ನೂರಾರು ಜನ ಫೋನ್ ಎತ್ತಿ ನಿಂತಿದ್ದರು. ಅಷ್ಟು ವರ್ಷ ಅಲ್ಲಿದ್ದಾಗ ನಾನು ಅದನ್ನು ನಿಂತು ನೋಡಿದ್ದು ಕಡಿಮೆ. ಈಗಲೂ ಅಂಥ ದೊಡ್ಡ ವಿಶೇಷವೇನೂ ಅನಿಸಲಿಲ್ಲ.

ಫ್ರೌವೆನ್‌ಕಿರ್ಖೆಯ ಬಾಗಿಲಲ್ಲಿ ಕಲ್ಲಿನ ಮೇಲೆ ಒಂದು ಹೆಜ್ಜೆ ಗುರುತಿದೆ, ಸೈತಾನನದ್ದು ಅಂತ ಕಥೆ. ಅಲ್ಲಿ ನಿಂತು ನೋಡಿದರೆ ಕಂಬಗಳ ಮರೆಗೆ ಕಿಟಕಿಗಳೇ ಕಾಣುತ್ತಿರಲಿಲ್ಲವಂತೆ. ಕಿಟಕಿಯಿಲ್ಲದ ಚರ್ಚು ಕಟ್ಟಿದ್ದಾರೆ ಅಂತ ಖುಷಿಯಿಂದ ಕಾಲು ಕುಟ್ಟಿದನಂತೆ. ಮಗಳು ಕಾಲಿಟ್ಟು ಅಳತೆ ನೋಡಿದಳು. ಚರ್ಚಿನ ಅವಳಿ ಗೋಪುರಗಳು ಸುಮಾರು 99 ಮೀಟರ್. ಅವಕ್ಕಿಂತ ಎತ್ತರ ಯಾರೂ ಕಟ್ಟಬಾರದು ಅಂತ 2004ರಲ್ಲಿ ಊರಿನವರು ಮತ ಹಾಕಿ, ಕೂದಲೆಳೆ ಅಂತರದಲ್ಲಿ ಗೆಲ್ಲಿಸಿದ್ದರು. ಮಧ್ಯಾಹ್ನ ತರಕಾರಿ ಮಾರುಕಟ್ಟೆಯಲ್ಲಿ ಬಿಳಿ ಆಸ್ಪಾರಗಸ್ ರಾಶಿ. ಮಣ್ಣು ಏರಿಸಿ ಬಿಸಿಲು ತಾಗದಂತೆ ಬೆಳೆಸುವುದರಿಂದ ಅದಕ್ಕೆ ಹಸಿರೇ ಹತ್ತುವುದಿಲ್ಲ, ಜೂನ್ 24ಕ್ಕೆ ಕೊಯ್ಲು ನಿಲ್ಲಿಸುತ್ತಾರೆ. ಅಮ್ಮ ಸಿಪ್ಪೆ ಹೆರೆದು ಸಾಂಬಾರಿಗೆ ಹಾಕಿದಳು. "ನುಗ್ಗೆಕಾಯಿ ಮುಂದೆ ಇದೇನಿಲ್ಲ" ಅಂತ ತೀರ್ಪು ಬಂತು.

ಮಂಗಳವಾರ

ಮಳೆ. ಡಾಯ್ಚೆಸ್ ಮ್ಯೂಸಿಯಮ್ಮಿನ ಅರ್ಧ ಭಾಗ ನವೀಕರಣಕ್ಕೆ ಮುಚ್ಚಿತ್ತು, ಉಳಿದರ್ಧಕ್ಕೇ ನಮ್ಮ ಕಾಲು ಸೋತವು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಇಷ್ಟ ಅಂತ ಮಗಳು ಅಂದಳು, ಅಲ್ಲಿ ಎಲ್ಲವನ್ನೂ ಮುಟ್ಟಬಹುದು ಅಂತ. ಇವರು ಸಂಜೆ ಹಳೇ ಸಹೋದ್ಯೋಗಿಗಳ ಜೊತೆ ಹೋದವರು ಕೊನೇ ರೈಲಿಗೆ ಬಂದರು.

ಬುಧವಾರ

ಈ ದಿನಕ್ಕಾಗಿ ಅಮ್ಮ ಬೆಂಗಳೂರಿಂದಲೇ ತಯಾರಾಗಿ ಬಂದಿದ್ದಳು.

ಜರ್ಮನಿಯಲ್ಲಿ ಹೆರಿಗೆಯಾಗಿ ಮನೆಗೆ ಬಂದಮೇಲೆ ಸೂಲಗಿತ್ತಿ ಮನೆಗೇ ಬರುತ್ತಾರೆ. ತರಬೇತಿ, ಪರವಾನಗಿ ಎಲ್ಲ ಇರುವ ವೃತ್ತಿಯವರು. ಮೊದಲ ಹತ್ತು ದಿನ ದಿನಾ ಬರಬಹುದು, ಆಮೇಲೆ ಬಾಣಂತಿಗೆ ಬೇಕಾದಂತೆ ಹನ್ನೆರಡು ವಾರದ ತನಕ. ಖರ್ಚು ಆರೋಗ್ಯ ವಿಮೆಯದ್ದು. ಆದರೆ ಮ್ಯೂನಿಕ್ಕಿನಲ್ಲಿ ಅವರು ಸಿಗುವುದೇ ಕಷ್ಟ, ಬಸುರಿ ಅಂತ ಗೊತ್ತಾದ ವಾರವೇ ಫೋನ್ ಹಚ್ಚಿ ಹುಡುಕಬೇಕು. ನಮಗೆ ಸಿಕ್ಕವರು ಐವತ್ತು ದಾಟಿದವರು, ಹಿಮದಲ್ಲೂ ಸೈಕಲ್ ತುಳಿದು ಬರುತ್ತಿದ್ದರು. ಮಗುವನ್ನು ಬಟ್ಟೆಯ ಜೋಲಿಯಲ್ಲಿಟ್ಟು ತಕ್ಕಡಿಗೆ ತೂಗುಹಾಕಿ ತೂಕ ನೋಡುತ್ತಿದ್ದರು.

ಆ ಮನೆಯಲ್ಲಿ ಆಗ ಇಬ್ಬರು ಹೆಡ್‌ಮಿಸ್ಟ್ರೆಸ್‌ಗಳು. ಸೂಲಗಿತ್ತಿ ಬಂದವರೇ ಕಿಟಕಿ ಪೂರ್ತಿ ತೆರೆಯುತ್ತಿದ್ದರು. ದಿನಕ್ಕೆ ಎರಡು ಮೂರು ಸಲ ಕಿಟಕಿ ತೆರೆದು ಗಾಳಿ ಆಡಿಸದಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಬಾಡಿಗೆ ಕರಾರಿನಲ್ಲೇ ಅದನ್ನು ಬರೆದಿದ್ದರು. ಅವರು ತಕ್ಕಡಿ ತೆಗೆಯಲು ಬಗ್ಗಿದಾಗ ಅಮ್ಮ ಹಿಂದಿನಿಂದ ಹೋಗಿ ಮುಚ್ಚುತ್ತಿದ್ದಳು. ಬಾಣಂತಿಗೆ ನೀರು ಕಡಿಮೆ ಅಂತ ಅಮ್ಮ, ದಿನಕ್ಕೆ ಎರಡು ಲೀಟರ್ ಅಂತ ಅವರು. ಮಗುವಿಗೆ ದಿನಾ ಎಣ್ಣೆ ನೀರು ಅಂತ ಅಮ್ಮ, ವಾರಕ್ಕೊಂದು ಎರಡು ಸ್ನಾನ ಸಾಕು ಅಂತ ಅವರು. ಮೂಗಿಗೆ ಕಿವಿಗೆ ಎಣ್ಣೆ ಬಿಡುವಂತಿಲ್ಲ ಅಂತ ಅವರು ಹಟ ಹಿಡಿದರು. ಅಮ್ಮ ಒಪ್ಪಿದಳು ಅಂದುಕೊಂಡಿದ್ದೇನೆ.

ಒಂದು ದಿನ ಅಮ್ಮ ಮಗುವಿಗೆ ನೀರು ಹಾಕಿ ಸಾಂಬ್ರಾಣಿ ಹೊಗೆ ಹಿಡಿದಳು. ಕೆಂಡ ಇಲ್ಲ ಅಂತ ತವಾ ಕಾಯಿಸಿ ಅದರ ಮೇಲೆ ಪುಡಿ ಉದುರಿಸಿದ್ದಳು. ಚಾವಣಿಯ ಹೊಗೆ ಗಂಟೆ ಇಡೀ ಕಟ್ಟಡಕ್ಕೆ ಕೇಳುವಂತೆ ಕಿರುಚಿಕೊಂಡಿತು. ಇವರು ಕುರ್ಚಿ ಹತ್ತಿ ಅದನ್ನು ಕಿತ್ತರು, ಕೆಳಗಿನ ಅಜ್ಜಿ ಮೇಲೆ ಬಂದರು, ಅದೇ ಹೊತ್ತಿಗೆ ಸೂಲಗಿತ್ತಿಯೂ ಬಂದರು. ಹೊಗೆ ತುಂಬಿದ ಕೋಣೆಯಲ್ಲಿ ಮಗು ಮಾತ್ರ ಸುಖವಾಗಿ ನಿದ್ದೆ ಮಾಡುತ್ತಿತ್ತು.

ಕದನವಿರಾಮ ಆದದ್ದು ಒಂದು ಚಹಾ ಪೊಟ್ಟಣದಿಂದ. ಹಾಲು ಹೆಚ್ಚಲಿ ಅಂತ ಅವರು ತಂದುಕೊಟ್ಟ ಬಾಣಂತಿಯರ ಚಹಾವನ್ನು ಅಮ್ಮ ತಟ್ಟೆಗೆ ಸುರಿದು, ಮೂಸಿ, ಕಚ್ಚಿ ನೋಡಿದಳು. ದೊಡ್ಡ ಸೋಂಪು, ಸಣ್ಣ ಸೋಂಪು, ಶಾಹಿ ಜೀರಿಗೆ. ತನ್ನ ಡಬ್ಬಿ ತಂದು ಪಕ್ಕದಲ್ಲಿ ಸೋಂಪು, ಓಮ, ಜೀರಿಗೆ ಸುರಿದಳು. ಇಬ್ಬರೂ ತಟ್ಟೆಯ ಮೇಲೆ ಬಗ್ಗಿ ಬೆರಳಲ್ಲಿ ಕಾಳು ಸರಿಸುತ್ತ ಅವರವರ ಭಾಷೆಯಲ್ಲಿ ಕಾಲು ಗಂಟೆ ಮಾತಾಡಿದರು. ನನ್ನನ್ನು ಯಾರೂ ಕರೆಯಲಿಲ್ಲ. ಆಮೇಲಿಂದ ಅಮ್ಮ ಕಿಟಕಿ ಮುಚ್ಚುವುದನ್ನು ಅವರು ಮೆಟ್ಟಿಲಿಳಿಯುವ ತನಕ ತಡೆದುಕೊಳ್ಳುತ್ತಿದ್ದಳು. ನನ್ನ ಹೊಟ್ಟೆಗೆ ಅಮ್ಮ ಹತ್ತಿ ಸೀರೆ ಬಿಗಿದು ಕಟ್ಟುತ್ತಿದ್ದ ರೀತಿಯನ್ನು ಅವರು ಎರಡು ಸಲ ಬಿಚ್ಚಿಸಿ, ಕಟ್ಟಿಸಿ, ಕಲಿತುಕೊಂಡು ಹೋದರು.

ಈಗ ಹಾರಾಸ್‌ನ ಒಂದು ಕೆಫೆಯಲ್ಲಿ ಆ ಸೂಲಗಿತ್ತಿಗಾಗಿ ಕಾಯುತ್ತಿದ್ದೆವು. ಅದೇ ಸೈಕಲ್ಲು, ಕೂದಲು ಮಾತ್ರ ಪೂರ್ತಿ ಬೆಳ್ಳಗೆ. ನೂರಾರು ಮಕ್ಕಳನ್ನು ಕಂಡವರು, ನಮ್ಮ ಮಗಳ ಮುಖ ಅವರಿಗೆ ನೆನಪಿರುವುದು ಸಾಧ್ಯವೂ ಇಲ್ಲ. ಅಮ್ಮನನ್ನು ಕಂಡ ಕೂಡಲೇ ಚಾವಣಿಯತ್ತ ಬೆರಳು ತೋರಿಸಿ "ಪೀಂ ಪೀಂ ಪೀಂ" ಅಂದರು. ಅಮ್ಮ ನಕ್ಕು ನಕ್ಕು ಸೆರಗಲ್ಲಿ ಕಣ್ಣೊರೆಸಿಕೊಂಡಳು. ಕೆಲಸದಿಂದ ನಿವೃತ್ತರಾಗುತ್ತಿದ್ದಾರೆ, ಹೊಸಬರು ಈ ಕೆಲಸಕ್ಕೆ ಬರುವುದು ಕಡಿಮೆ, ಬಂದವರೂ ರಾತ್ರಿ ಹಗಲಿನ ದುಡಿಮೆಗೆ ಬೇಸತ್ತು ಬಿಡುತ್ತಾರೆ ಅಂದರು. ಅಮ್ಮ ಅವರಿಗೆ ಸೂಲಗಿತ್ತಿ ನರಸಮ್ಮನ ಕಥೆ ಹೇಳಿಸಿದಳು: ಪಾವಗಡದವರು, ಓದು ಬರಹ ಇಲ್ಲದವರು, ಸಾವಿರಾರು ಹೆರಿಗೆಯನ್ನು ದುಡ್ಡು ತಗೊಳ್ಳದೆ ಮಾಡಿಸಿದವರು, 2018ರಲ್ಲಿ ಪದ್ಮಶ್ರೀ ಬಂತು. ಅವರು ಕೇಳಿದ ಒಂದೇ ಪ್ರಶ್ನೆ, "ರಾತ್ರಿ ಹೊತ್ತು ಹೇಗೆ ಹೋಗುತ್ತಿದ್ದರು, ನಡೆದುಕೊಂಡೇ?" ಅದೇ ಕೆಲಸ ಮಾಡಿದವರಿಗಷ್ಟೇ ಹೊಳೆಯುವ ಪ್ರಶ್ನೆ. ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಅಮ್ಮ ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದಳು. ಬಾಣಂತಿ ಲೇಹ್ಯ. ಅರವತ್ತು ದಾಟಿದ ಹೆಂಗಸಿಗೆ! ನನಗೆ ನಾಚಿಕೆ. "ಅವರಿಗಲ್ಲ ಕಣೇ, ಅವರು ನೋಡಿಕೊಳ್ತಿರೋ ಹುಡುಗೀರಿಗೆ." ಅವರು ಮುಚ್ಚಳ ತೆಗೆದು ಬೆರಳಲ್ಲಿ ತಗೊಂಡು ಬಾಯಿಗಿಟ್ಟರು. ಶುಂಠಿ, ಹಿಪ್ಪಲಿ, ಮೆಣಸು ಒಟ್ಟಿಗೆ ಏರಿರಬೇಕು, ಮುಖ ಕೆಂಪಾಯಿತು. ಆದರೂ ಡಬ್ಬಿ ತಗೊಂಡೇ ಹೋದರು.

ಗುರುವಾರ

ಬಿಸಿಲು. ಇಜಾರ್ ನದಿಯ ದಂಡೆ, ಫ್ಲೌಖರ್ ಅನ್ನುವ ಕಡೆ. ಊರೊಳಗೆ ಈ ನದಿಯನ್ನು ಹಿಂದಿನ ಶತಮಾನಗಳಲ್ಲಿ ನೇರ ಕಾಲುವೆ ಮಾಡಿ ಕಟ್ಟಿಹಾಕಿದ್ದರು. 2000ದಿಂದ 2011ರ ತನಕ ಎಂಟು ಕಿಲೋಮೀಟರ್ ಉದ್ದಕ್ಕೆ ಆ ಕಟ್ಟುಪಾಡನ್ನು ಒಡೆದು, ಪಾತ್ರ ಅಗಲಿಸಿ, ಬೆಣಚುಕಲ್ಲಿನ ದಿಬ್ಬಗಳು ತಾವೇ ಸರಿದಾಡಲು ಬಿಟ್ಟರು. ಪ್ರವಾಹ ಬಂದರೆ ಹರಡಿಕೊಳ್ಳಲು ಜಾಗ, ಬೇಸಿಗೆಯಲ್ಲಿ ಜನರಿಗೆ ಈಜಲು ನದಿ. ಮೇಲ್ಗಡೆಯ ಊರುಗಳ ಶುದ್ಧೀಕರಣ ಘಟಕಗಳು ಬೇಸಿಗೆಯಲ್ಲಿ ನೀರನ್ನು ಅತಿನೇರಳೆ ಬೆಳಕಿಗೊಡ್ಡಿ ರೋಗಾಣು ಕೊಂದು ಬಿಡುತ್ತವೆ.

ಅಮ್ಮ ಸೀರೆ ಎತ್ತಿಕಟ್ಟಿ ಮೊಣಕಾಲಿನ ತನಕ ಇಳಿದಳು. ಆಲ್ಪ್ಸ್‌ನ ಹಿಮ ಕರಗಿ ಬಂದ ನೀರು, ಎರಡು ನಿಮಿಷದಲ್ಲಿ ಕಾಲು ಮರಗಟ್ಟುತ್ತದೆ. ಅಮ್ಮ ಹತ್ತು ನಿಮಿಷ ನಿಂತಳು. ಚಿಕ್ಕವಳಿದ್ದಾಗ ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಗೆ ಹೋದರೆ ವೃಷಭಾವತಿಯಲ್ಲಿ ಕಾಲು ತೊಳೆದು ಒಳಗೆ ಹೋಗುತ್ತಿದ್ದರಂತೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟುತ್ತದೆ ಅಂತ ನಾವು ನಂಬುವ ನದಿ ಅದು. ಈಗ ಆ ಸೇತುವೆ ಮೇಲೆ ಬಸ್ಸು ಬಂದರೆ ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತೇವೆ. "ಇವರೂ ಕೆಡಿಸಿದ್ರು ಅಂತೀಯ? ಆಮೇಲೆ ಸರಿ ಮಾಡಿದ್ರಾ? ಎಷ್ಟು ಖರ್ಚಾಯ್ತು?" ಸುಮಾರು ಮೂರೂವರೆ ಕೋಟಿ ಯೂರೊ ಅಂತ ಇವರು ಹೇಳಿದರು. ಅಮ್ಮ ಅದನ್ನು ರೂಪಾಯಿಗೆ ತಿರುಗಿಸಿ, "ಒಂದು ಫ್ಲೈಓವರ್ ದುಡ್ಡು" ಅಂದಳು.

ಮಧ್ಯಾಹ್ನ ಅಲ್ಲೇ ಪಕ್ಕದ ಬಿಯರ್ ಗಾರ್ಡನ್ನಿನಲ್ಲಿ ಪುಳಿಯೋಗರೆ, ಮೊಸರನ್ನ. ಹೌದು, ಮನೆಯಿಂದ ತಂದದ್ದು. 16ನೇ ಶತಮಾನದಲ್ಲಿ ಬವೇರಿಯಾದಲ್ಲಿ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರ ತನಕ ಬಿಯರ್ ಕುದಿಸುವುದನ್ನು ನಿಷೇಧಿಸಿದ್ದರು. ಬೇಸಿಗೆಗೆ ಬೇಕಾದ್ದನ್ನು ಮೊದಲೇ ಮಾಡಿ ನೆಲಮಾಳಿಗೆಯಲ್ಲಿ ಮಂಜುಗಡ್ಡೆ ತುಂಬಿ ಇಡುತ್ತಿದ್ದರು, ಮೇಲೆ ನೆರಳಿಗೆ ಚೆ‌ಸ್ಟ್‌ನಟ್ ನೆಟ್ಟರು. ಆ ನೆರಳಲ್ಲೇ ಮಾರಾಟ ಶುರುವಾಯಿತು. ಹೋಟೆಲಿನವರು ತಕರಾರು ತೆಗೆದಾಗ 1812ರಲ್ಲಿ ರಾಜ, "ಬಿಯರ್ ಮಾರಿ, ಬ್ರೆಡ್ ಬಿಟ್ಟು ಬೇರೆ ಊಟ ಮಾರಬೇಡಿ" ಅಂದ. ಜನ ಊಟ ಕಟ್ಟಿಕೊಂಡು ಬರತೊಡಗಿದರು, ಆ ಹಕ್ಕು ಇವತ್ತಿಗೂ ಇದೆ. ಬಟ್ಟೆ ಹಾಸಿದ ಮೇಜು ಬಿಟ್ಟು ಬರಿ ಮೇಜಿನಲ್ಲಿ ಕೂತರಾಯಿತು, ಕುಡಿಯುವುದನ್ನು ಮಾತ್ರ ಅಲ್ಲೇ ಕೊಳ್ಳಬೇಕು. "ಹೊರಗಿನ ತಿಂಡಿ ತಿನಿಸಿಗೆ ಅವಕಾಶವಿಲ್ಲ" ಅನ್ನುವ ಬೋರ್ಡಿನಡಿ ಬೆಳೆದ ನಮಗೆ ಇದಕ್ಕಿಂತ ದೊಡ್ಡ ಸ್ವಾತಂತ್ರ್ಯ ಯಾವುದು? ಇವರಿಗೆ ಒಂದು ಲೀಟರಿನ ಮಗ್ಗು, ನಮಗೆ ಸೋಡಾ ಬೆರೆಸಿದ ಸೇಬಿನ ರಸ. ಪಕ್ಕದ ಮೇಜಿನ ದಂಪತಿ ಮೂಲಂಗಿ ಹೆಚ್ಚಿ ಉಪ್ಪು ಹಚ್ಚುತ್ತಿದ್ದರು, ಅಮ್ಮ ಅವರಿಗೆ ಪುಳಿಯೋಗರೆ ದಾಟಿಸಿದಳು, ಅತ್ತಲಿಂದ ಮೂಲಂಗಿ ಬಂತು. ಸುತ್ತಲಿನ ಖಾಲಿ ಬಾಟಲಿಗಳತ್ತ ಮಗಳ ಕಣ್ಣು ಹೋಗುತ್ತಿತ್ತು. ಕಸದ ತೊಟ್ಟಿಯ ಪಕ್ಕ ಜನ ಬೇಕಂತಲೇ ಇಡುವ ಬಾಟಲಿಗಳು ಅದನ್ನು ಆರಿಸಿ ಬದುಕುವ ಬಡವರಿಗೆ ಅಂತ ತಿಳಿಸಿ ಹೇಳಿದಮೇಲೆ ಸುಮ್ಮನಾದಳು.

ಶುಕ್ರವಾರ

ಬಟ್ಟೆ ಒಗೆತ, ಸೂಟ್‌ಕೇಸ್ ತೂಕ. ಸಂಜೆ ನೆಲಮಹಡಿಯ ಅಜ್ಜಿಯಿಂದ ಫೋಟೊ ಬಂತು: ಟೊಮೇಟೊ ಕುಂಡಗಳು ಇನ್ನೂ ಒಳಗೇ. "ನಾಳೆ" ಅಂತ ಬರೆದಿದ್ದರು.

ಶನಿವಾರ

ಮಗಳು ಕೊನೆಯ ಬಾಟಲಿ ಚೀಟಿ ಮುರಿಸಿ ಬಂದ ದುಡ್ಡಲ್ಲಿ ಎಲ್ಲರಿಗೂ ಪ್ರೆಟ್ಜೆಲ್ ಕೊಡಿಸಿದಳು, ಇಪ್ಪತ್ತು ಸೆಂಟ್ ನಾನು ಸೇರಿಸಬೇಕಾಯಿತು. ಏರ್‌ಪೋರ್ಟ್ ರೈಲಲ್ಲಿ ಅಮ್ಮ ಅಳಿಯನ ಹತ್ತಿರ ಹೇಳುತ್ತಿದ್ದಳು, "ಚಳಿ ನೋಡಾಯ್ತು, ಹೂವು ನೋಡಾಯ್ತು. ಆ ಮರದ ಕಾಯಿ ಹೇಗಿರುತ್ತೆ ನೋಡಬೇಕಲ್ಲ. ಯಾವಾಗ ಬಿಡುತ್ತೆ?"

"ಸೆಪ್ಟೆಂಬರ್ ಕೊನೆ, ಅತ್ತೆ. ಆಗ ಇಲ್ಲಿ ಬಿಯರ್ ಹಬ್ಬ. ರೂಮಿನ ಬಾಡಿಗೆ ಎರಡು ಮೂರು ಪಟ್ಟು."

"ಹಬ್ಬ ಮುಗಿದ ಮಾರನೇ ದಿನ ಬರೋಣ" ಅಂದಳು ಅಮ್ಮ. "ವೀಸಾದವರಿಗೆ ಈಗಲೇ ಒಂದು ಮಾತು ಕೇಳಿಡಿ."